ಬೇಗ ಗುಣವಾಗಲಿ

ನಾಲಿಗೆಗೆ ಎಲುಬಿಲ್ಲ ಎನ್ನುವುದು ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ಆ ಪಂಪು ತಯಾರಿಸುವ ಕಾರ್ಖಾನೆಯಲ್ಲಿ ಯಾರಾದರೂ ಮಾತಾಡಬೇಕೆಂದರೆ ಎಲ್ಲರೂ ಸ್ಟೋರ್‌ಕೀಪರನನ್ನೇ ಮುಂದೆ ನೂಕುತ್ತಿದ್ದರು. ಅದಕ್ಕೆ ಕಾರಣ ಅವನ ಗಂಟಲು. ಲೇತ್ ಮಷೀನು ಓಡುತ್ತಿದ್ದರೂ ಆಚೆ ಬದಿಗೆ ಕೇಳಿಸುವಂಥದ್ದು.

ಅವತ್ತು ಮ್ಯಾನೇಜರ್ ಸಾಹೇಬರಿಗೆ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್. ಒಳಗೆ ಕರೆದೊಯ್ಯುವ ಮೊದಲು ಅವರಿಗೊಂದಿಷ್ಟು ಧೈರ್ಯ ತುಂಬೋಣವೆಂದು ವೆಲ್‌ಫೇರ್ ಮೇಡಂ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ವಿಡಿಯೋ ತೆಗೆಯಲು ಮೊಬೈಲ್ ಹಿಡಿದರು. ಸ್ಟೋರ್‌ಕೀಪರ್ ಒಂದು ಸಾಲು ಹೇಳಬೇಕು, ಮಿಕ್ಕವರು ‘ಆಗಲಿ’ ಎನ್ನಬೇಕು, ಅಷ್ಟೇ.

“ನಮ್ಮ ಸಾಹೇಬರು ಬೇಗ ಹೆಣವಾಗಲಿ” ಎಂದ ಸ್ಟೋರ್‌ಕೀಪರ್.

“ಆಗಲಿ, ಆಗಲಿ” ಎಂದರು ಎಲ್ಲರೂ ಒಕ್ಕೊರಲಿನಿಂದ.

ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ಬಾಯಿ ತಪ್ಪಿತು. ಗುಣ ಅನ್ನೋಕೆ ಹೋದೆ” ಎಂದು ಅವನು ತೊದಲಿದ.

“ಬಾಯಿ ತಪ್ಪೋದು ಅಂತ ಏನೂ ಇಲ್ಲ” ಎಂದರು ಮೇಡಂ. ಅವರು ಸಮಾಜ ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದವರು. ಓದಿದ್ದನ್ನು ಹೇಳಿಕೊಳ್ಳಲು ಆ ಪಂಪುಗಳ ನಡುವೆ ಇಂಥ ಅವಕಾಶ ಹಿಂದೆಂದೂ ಸಿಕ್ಕಿರಲಿಲ್ಲ. “ಒಳಮನಸ್ಸು ಅಂತ ಒಂದಿರುತ್ತೆ. ನಾವು ಅದರೊಳಗೆ ತುಳಿದಿಟ್ಟ ಆಸೆ, ಸಂದು ಸಿಕ್ಕಾಗ ನಾಲಿಗೆ ಮೇಲೆ ಬಂದು ಕೂತ್ಕೊಳ್ಳುತ್ತೆ.”

ಆಸೆ ಪಡುವುದಕ್ಕೆ ಕಾರಣವೇನೋ ಇತ್ತು. ಮುಂದಿನ ತಿಂಗಳಿಂದ ಸ್ಟೋರಿಗೆ ಇಬ್ಬರು ಬೇಡ, ಒಬ್ಬನೇ ಸಾಕು ಎಂದು ಸಾಹೇಬರು ಹೇಳಿದ್ದರು. ಉಳಿಯುವವನು ಇವನೋ ಇವನ ಜತೆಯವನೋ ಎನ್ನುವುದು ಅವರ ಕೈಯಲ್ಲಿತ್ತು. ತಲೆ ನರೆತ ಮೇಲೆ ಬೇರೆ ಕಡೆ ತನ್ನನ್ನು ಯಾರೂ ಮೂಸಿಯೂ ನೋಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹಾಗಂತ ಇನ್ನೊಬ್ಬರ ಸಾವು ಬಯಸುವಷ್ಟು ಕೆಟ್ಟವನೇ ತಾನು?

ಟೀ ಹೊತ್ತಿಗೆ ಕಾರ್ಖಾನೆಯಲ್ಲಿ ಎಲ್ಲರೂ ಮನಶ್ಶಾಸ್ತ್ರ ಓದಿದವರೇ ಆಗಿದ್ದರು.

“ನೀವು ಸಾಹೇಬ್ರ ಕಾರಿಗೆ ಸಲಾಂ ಹೊಡೆಯೋವಾಗ್ಲೇ ಅಂದ್ಕೊಂಡಿದ್ದೆ. ಕೈ ಮೇಲೆ ಏಳ್ತಿತ್ತು, ಮುಖ ಏಳ್ತಿರಲಿಲ್ಲ” ಎಂದ ಗೇಟಿನವನು.

ಟೈಮ್ ಆಫೀಸಿನ ಗುಮಾಸ್ತನನ್ನು ಎಲ್ಲರೂ ಗಡಿಯಾರ ಎಂದೇ ಕರೆಯುತ್ತಿದ್ದರು. ದಿನವೂ ಪಕ್ಕದಲ್ಲೇ ಕೂರುತ್ತಿದ್ದ ಅವನು ಲೋಟ ಹಿಡಿದು ಆಚೆ ಬೆಂಚಿಗೆ ಸರಿದು, “ನಾಲಿಗೆಯದೇನೂ ತಪ್ಪಿಲ್ಲಪ್ಪ. ಒಳಗಿದ್ದದ್ದು ತಾನೇ ಹೊರಗೆ ಬರೋದು” ಎಂದ.

ಮನೆಗೆ ಫೋನ್ ಮಾಡಿದರೆ ಹೆಂಡತಿಯೂ ಆ ಕಡೆಗೇ ವಾಲಿದಳು. “ಮೊನ್ನೆ ನಿದ್ದೇಲಿ ‘ಹೋಗಲಿ, ಹೋಗಲಿ’ ಅಂತ ಕನವರಿಸ್ತಿದ್ರಿ. ಎಲ್ಲೋ ಬಸ್ಸು ಹಿಂದಕ್ಕೆ ತೆಗೆಸ್ತಿದ್ದೀರಿ ಅಂದ್ಕೊಂಡಿದ್ದೆ.”

ಇಷ್ಟು ವರ್ಷ ತನ್ನ ಮನೆಯಲ್ಲೇ ಕಳ್ಳನೊಬ್ಬ ಬಾಡಿಗೆಗಿದ್ದ ಎಂದು ತಿಳಿದವನಂತೆ ಸ್ಟೋರ್‌ಕೀಪರನಿಗೆ ದಿಗಿಲಾಯಿತು. ಸೀದಾ ಮೇಡಂ ಕೋಣೆಗೆ ಹೋದ.

“ನಂದು ಒಳಮನಸ್ಸೇ ಇರಬಹುದು ಮೇಡಂ. ಆದ್ರೆ ನೀವೆಲ್ಲ ‘ಆಗಲಿ’ ಅಂದ್ರಲ್ಲ, ಅದು ಯಾವ ಮನಸ್ಸು?”

ಮೇಡಂ ಮೊಬೈಲಿನಲ್ಲಿ ವಿಡಿಯೋ ಹಾಕಿ ನೋಡಿದರು. ಎಲ್ಲರಿಗಿಂತ ಜೋರಾಗಿ ಕೇಳಿಸುತ್ತಿದ್ದುದು ಅವರದೇ ‘ಆಗಲಿ’.

“ಅದು ಹೇಗಂದ್ರೆ, ಹಿಂದಿನವರು ಗುಂಪಿಗೇ ಒಂದು ಮನಸ್ಸಿರುತ್ತೆ ಅಂತಿದ್ರು. ಆಮೇಲೆ ಬಂದವರು, ಇಲ್ಲ, ಅದು ಒಬ್ಬೊಬ್ಬರ ಒಳಗೂ ಅಡಗಿರುತ್ತೆ ಅಂದ್ರು. ಇನ್ನು ಕೆಲವರು ಒಳಗೂ ಇಲ್ಲ, ಏನೂ ಇಲ್ಲ, ಎಲ್ಲ ಬರೀ ಅಭ್ಯಾಸ ಅಂದ್ರು. ಈಗಿನವರು ಮತ್ತೆ ಇದೆ ಅಂತಿದ್ದಾರೆ.”

“ಹಾಗಾದ್ರೆ ನಿಮ್ಮದು?”

“ನಂದು ಅಭ್ಯಾಸ” ಎಂದರು ಮೇಡಂ.

ಇನ್ನೊಮ್ಮೆ ಎಲ್ಲರನ್ನೂ ಅಂಗಳಕ್ಕೆ ಕರೆದರು. ಸ್ಟೋರ್‌ಕೀಪರ್ ಒಂದಕ್ಷರ ತಪ್ಪದೆ “ಬೇಗ ಗುಣವಾಗಲಿ” ಎಂದ. ಎಲ್ಲರೂ ಅವನ ಬಾಯನ್ನೇ ನೋಡುತ್ತ ನಿಂತಿದ್ದರಿಂದ ಒಬ್ಬನೂ ‘ಆಗಲಿ’ ಎನ್ನಲಿಲ್ಲ. ಮತ್ತೊಮ್ಮೆ ಗದರಿಸಿ ಹೇಳಿಸಬೇಕಾಯಿತು. ಆಪರೇಷನ್ ಹೊತ್ತಾಗುತ್ತಿದೆಯೆಂದು ಮೇಡಂ ಅವಸರದಲ್ಲಿ ವಿಡಿಯೋ ಕಳಿಸಿದರು. ಕಳಿಸಿದ ಮೇಲೆ ಇನ್ನೊಮ್ಮೆ ತೆರೆದು ನೋಡಿದರು. ಹೋದದ್ದು ಮೊದಲನೆಯದು.

“ಬೆರಳು ಜಾರಿತು, ಅಷ್ಟೇ. ಬೆರಳಿಗೆಲ್ಲಿಯ ಒಳಮನಸ್ಸು?” ಎಂದರು. ಅಳಿಸುವಷ್ಟರಲ್ಲಿ ಅತ್ತ ಸಾಹೇಬರು ನೋಡಿಯಾಗಿತ್ತು.

ಸ್ವಲ್ಪ ಹೊತ್ತಿಗೆ ಸ್ಟೋರ್‌ಕೀಪರನ ಫೋನ್ ಬಡಿದುಕೊಂಡಿತು. ಸಾಹೇಬರೇ. ಅವನು ಕಪಾಟುಗಳ ಸಂದಿಗೆ ಹೋಗಿ ಕಿವಿಗಿಟ್ಟುಕೊಂಡ.

“ಇಷ್ಟು ವರ್ಷ ಎಲ್ಲರೂ ನನ್ನೆದುರು ಹಲ್ಲು ಕಿರಿದಿದ್ದೇ ಬಂತು. ನಿಜ ಹೇಳಿದವನು ನೀನೊಬ್ಬನೇ ಮಾರಾಯ” ಎಂದು ಸಾಹೇಬರು ನಕ್ಕರು. “ಸ್ಟೋರು ನಿನಗೇ. ವಾಪಸ್ ಬಂದು ಸೈನ್ ಹಾಕ್ತೀನಿ.” ಮತ್ತೆ ನಕ್ಕರು. ನಗು ತಡೆಯಲಾಗದೆ ಕೆಮ್ಮಿದರು. ಹಿಂದಿನಿಂದ ನರ್ಸ್ ಗದರಿಸಿದ್ದು ಕೇಳಿಸಿತು, ಆಮೇಲೆ ಫೋನ್ ಕಟ್ಟಾಯಿತು.

ಸ್ಟೋರ್‌ಕೀಪರ್ ಬೇರಿಂಗ್ ಡಬ್ಬಗಳ ನಡುವೆ ಅಲ್ಲೇ ಕೂತು ಕಣ್ಣು ಮುಚ್ಚಿದ. ಒಳಮನಸ್ಸು, ಹೊರಮನಸ್ಸು ಎರಡನ್ನೂ ಒಂದೇ ಹಗ್ಗದಲ್ಲಿ ಬಿಗಿದು ಬೇಡಿಕೊಂಡ. ಆ ಮಧ್ಯಾಹ್ನ ಸಾಹೇಬರು ಬದುಕಲೆಂದು ಅವನಷ್ಟು ಹಂಬಲಿಸಿದವರು ಅವರ ಮನೆಯಲ್ಲೂ ಇದ್ದಿರಲಾರರು.

ಸಂಜೆ ಸೈರನ್ ಆಗುವ ಮುಂಚೆ ಮೇಡಂ ಎಲ್ಲರನ್ನೂ ಕರೆದು ಹೇಳಿದರು. “ನಗ್ತಾನೇ ಒಳಗೆ ಹೋದ್ರಂತೆ. ನಗು ಎದೆಗೆ ಹತ್ತಿತೋ ಏನೋ, ಉಳೀಲಿಲ್ಲ.” ಮುಂದಿನ ಏರ್ಪಾಡಿನವರೆಗೆ ಕಾರ್ಖಾನೆಯ ಉಸ್ತುವಾರಿ ತಮ್ಮದೇ ಎಂದೂ ಸೇರಿಸಿದರು.

ಸ್ಟೋರ್‌ಕೀಪರ್ ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತ. “ಸ್ಟೋರು ನನಗೇ ಅಂದಿದ್ರು ಮೇಡಂ. ಫೋನಲ್ಲಿ, ಅವರ ಬಾಯಿಂದಲೇ.”

“ಹಾಗೆ ಅನ್ಸುತ್ತೆ. ಅದೂ ಒಳಮನಸ್ಸಿನದೇ ಕೆಲಸ” ಎಂದು ಮೇಡಂ ಮೃದುವಾಗಿ ಹೇಳಿ, ಅವನ ಜತೆಯವನ ಕೈಗೆ ಸ್ಟೋರಿನ ಬೀಗದ ಕೈ ಕೊಟ್ಟರು.

ಜನ ಸ್ಟೋರ್‌ಕೀಪರನನ್ನು ಸುತ್ತುಹಾಕಿ ದೂರದಿಂದಲೇ ಗೇಟು ದಾಟಿದರು. ಕೊನೆಗೆ ಉಳಿದವನು ಗಡಿಯಾರ. ಅವನು ಹಿಂದೆ ಮುಂದೆ ನೋಡಿ ಹತ್ತಿರ ಬಂದು ಹೆಗಲ ಮೇಲೆ ಕೈಯಿಟ್ಟ. ಇಡೀ ದಿನದಲ್ಲಿ ಅವನ ಮೈ ಮುಟ್ಟಿದ ಮೊದಲ ಕೈ ಅದು. ಸ್ಟೋರ್‌ಕೀಪರನಿಗೆ ಇನ್ನಷ್ಟು ಅಳು ಬಂತು.

“ಆಗಿದ್ದು ಆಯ್ತು ಬಿಡಿ” ಎಂದ ಗಡಿಯಾರ, ದನಿ ತಗ್ಗಿಸಿ. “ಮನೆ ಖಾಲಿ ಮಾಡಿ ಅಂತಿದ್ದ ನಮ್ಮ ಮನೆ ಮಾಲೀಕರಿಗೂ ನಾಲ್ಕು ದಿನದಿಂದ ಮೈಗೆ ಹುಷಾರಿಲ್ಲ. ಹೋಗ್ತಾ ಒಂದು ಗಳಿಗೆ ಬಂದು, ಬೇಗ ಗುಣವಾಗಲಿ ಅಂತ ಹೇಳಿ ಹೋಗ್ತೀರಾ?”