ಉಮ್ಮತ್ತಿಯ ಬೇರಿಗೆ ಬದನೆಯ ತಲೆ

ಬದನೆ ಬೆಳೆಸುವುದರಲ್ಲಿ ನಾನು ಎಂದೂ ಸೋತವನಲ್ಲ, ಸೋಲುತ್ತಿದ್ದದ್ದು ಗಿಡಗಳು. ಸುರಪುರದ ನಮ್ಮ ಹಿತ್ತಿಲಲ್ಲಿ ನೆಟ್ಟ ಬದನೆಯೆಲ್ಲ ಹೂ ಬಿಡುವ ಹೊತ್ತಿಗೆ ಸೊರಗಿ ಸಾಯುತ್ತಿದ್ದವು. ಪಕ್ಕದಲ್ಲೇ ಹೆಂಡತಿ ನೀಲಮ್ಮ ಸೋಮವಾರದ ಶಿವಪೂಜೆಯ ಹೂವಿಗೆಂದು ಬಿಟ್ಟಿದ್ದ ಉಮ್ಮತ್ತಿ ಗಿಡ ಮಾತ್ರ, ಹನಿ ನೀರು ಕಾಣದಿದ್ದರೂ, ಪೈಲ್ವಾನನಂತೆ ನಿಂತಿತ್ತು. ಹೈಸ್ಕೂಲಿನ ವಿಜ್ಞಾನ ಮಾಸ್ತರನೊಬ್ಬ ಇಂಥ ಅನ್ಯಾಯವನ್ನು ನೋಡಿಕೊಂಡು ಸುಮ್ಮನೆ ಕೂಡುವುದು ಹೇಗೆ?

ಅದರ ಮೇಲೆ ನೀಲಮ್ಮನ ತಮ್ಮ ಶರಣಪ್ಪನ ಕಾಟ ಬೇರೆ. ಶಹಾಪುರದ ಹತ್ತಿರ ಒಕ್ಕಲುತನ ಮಾಡುತ್ತಾನೆ. ಬಂದಾಗಲೆಲ್ಲ ಚೀಲ ತುಂಬ ಬದನೆಕಾಯಿ ತಂದು ಪಡಸಾಲೆಯಲ್ಲಿ ಸುರಿದು, "ಮಾವ, ನಿಮ್ಮ ಗಿಡ ಇನ್ನೂ ಸಾಲಿ ಕಲಿಯಾಕತ್ತಾವೇನ್ರಿ?" ಎನ್ನುತ್ತಾನೆ. ನನ್ನ ಹಿತ್ತಿಲ ಬದನೆಯನ್ನು ಒಮ್ಮೆಯಾದರೂ ಅವನಿಗೆ ಉಣಿಸಲೇಬೇಕೆಂದು ಹಠ ಹಿಡಿದೆ.

ಕಲಬುರಗಿಯಲ್ಲಿ ಸಸ್ಯಶಾಸ್ತ್ರ ಓದುವ ಮಗಳು ಸುಮಾಳಿಗೆ ಫೋನ್ ಹಚ್ಚಿದೆ.

"ಉಮ್ಮತ್ತಿ, ಬದನಿ ಎರಡೂ ಒಂದ ಬಳಗ ಅಲ್ಲೇನವ್ವಾ?"

"ಹೌದ್ರಿ ಅಪ್ಪಾ. ಆದ್ರ ಉಮ್ಮತ್ತಿಯೊಳಗ ಔಷಧ ತಯಾರು ಮಾಡೋ ಜೀನ್ ಕುಟುಂಬಗಳು ಅದಾವ. ಮೊದಲ ಒಂದ ಜೀನ್ ಇದ್ದದ್ದು ನಕಲಾಗಿ ನಕಲಾಗಿ ದೊಡ್ಡ ಮನಿತನ ಆಗ್ಯಾದ. ಒಂದೊಂದಕ್ಕ ಒಂದೊಂದು ಕೆಲಸ. ಬದನಿಯಾಗೂ ಅವುಗಳ ದಾಯಾದಿ ಅದಾವ, ಆದ್ರ ಅವು ಆ ಔಷಧ ಮಾಡಂಗಿಲ್ಲ. ಔಷಧ ಅಂದ್ರೂ ಹೆಚ್ಚಾದ್ರ ವಿಷಾನ ಮತ್ತ. ಇನ್ನೊಂದು ಕೇಳ್ರಿ, ಈ ಜೀನ್ ಕೆಲಸ ಮಾಡೋ ಜಾಗಾ..."

"ತಿಳೀತವ್ವಾ!" ಎಂದು ಫೋನ್ ಇಟ್ಟೆ. ಪಾಠ ಹೇಳಿ ರೂಢಿಯಾದವನಿಗೆ ಪಾಠ ಕೇಳುವ ತಾಳ್ಮೆ ಎಲ್ಲಿಂದ ಬರಬೇಕು?

ನನ್ನ ತರ್ಕ ಹೀಗಿತ್ತು: ಉಮ್ಮತ್ತಿಯ ಜೀನು ಉಮ್ಮತ್ತಿಯಲ್ಲಿ, ಬದನೆಯ ಜೀನು ಬದನೆಯಲ್ಲಿ. ಉಮ್ಮತ್ತಿಯ ಬುಡಕ್ಕೆ ಬದನೆಯ ಕುಡಿ ಕಸಿ ಕಟ್ಟಿದರೆ ಕೆಳಗೆ ಪೈಲ್ವಾನನ ಬೇರು, ಮೇಲೆ ಸಾಧು ಬದನೆ. ಜೀನುಗಳೇನು ನಿಚ್ಚಣಿಕೆ ಹಾಕಿಕೊಂಡು ಮೇಲೆ ಹತ್ತುತ್ತವೆಯೇ?

"ಶಿವನ ಗಿಡದ ಕುತ್ತಿಗಿ ಕೊಯ್ದ್ರಲ್ರೀ!" ಎಂದು ನೀಲಮ್ಮ ಕೆಲವು ದಿನ ಮಾತು ಬಿಟ್ಟಳು. ಆದರೆ ಕಸಿ ಹಿಡಿಯಿತು. ಹೂ ಬಿಟ್ಟಿತು. ಫಳಫಳ ಹೊಳೆಯುವ ಬದನೆಕಾಯಿ ಜೋತುಬಿದ್ದವು! ಸಿಟ್ಟು ಮರೆತು ನೀಲಮ್ಮನೂ ಬಂದು ಮುಟ್ಟಿ ನೋಡಿದಳು.

ಭಾನುವಾರ ಶರಣಪ್ಪನಿಗೆ ಊಟದ ಆಮಂತ್ರಣ ಹೋಯಿತು. ನೀಲಮ್ಮ ಆ ಬದನೆಗೆ ಶೇಂಗಾ, ಗುರೆಳ್ಳು ತುಂಬಿ ಎಣಗಾಯಿ ಮಾಡಿ, ರೊಟ್ಟಿ ಬಡಿಯಲು ಕುಳಿತಳು. ಶರಣಪ್ಪನ ಬಸ್ಸು ತಡವಾಯಿತು. ಸಂಶೋಧಕನೇ ಮೊದಲು ರುಚಿ ನೋಡಬೇಕೆಂಬ ನಿಯಮದಂತೆ ನಾನು ಒಲೆಯ ಪಕ್ಕದಲ್ಲೇ ಕುಳಿತು ಒಂದು ತಿಂದೆ. ನಿಯಮ ಬಹಳ ರುಚಿಯಾಗಿತ್ತು. ಇನ್ನೂ ನಾಲ್ಕೈದು ತಿಂದೆ.

ಶರಣಪ್ಪ ಬರುವಷ್ಟರಲ್ಲಿ ನನ್ನ ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಅಂಟಿತ್ತು. ಗೆಲುವಿನ ಸಂಭ್ರಮಕ್ಕೆ ಹೀಗಾಗಿರಬೇಕು ಎಂದುಕೊಂಡೆ. ಬಾಗಿಲಲ್ಲಿ ಇಬ್ಬರು ಶರಣಪ್ಪಂದಿರು ಕಂಡರು, ಇಬ್ಬರನ್ನೂ ಸ್ವಾಗತಿಸಿದೆ. ಆಮೇಲೆ ಪಡಸಾಲೆಯ ಕಂಬಕ್ಕೆ ಕೈಮುಗಿದು, "ಬರ್ರಿ ಸಾಹೇಬ್ರ, ಸಾಲಿ ತಪಾಸಣಿ ಆಮ್ಯಾಲ, ಮೊದಲ ಊಟಕ್ಕ ಕುಂದರ್ರಿ" ಎಂದೆನಂತೆ. ಕಂಬ ಕೂರಲಿಲ್ಲವೆಂದು ಸಿಟ್ಟಿಗೂ ಎದ್ದೆನಂತೆ!

ಶರಣಪ್ಪನಿಗೆ ಬಡಿಸಿ ಬಂದ ನೀಲಮ್ಮ ನನ್ನನ್ನು ನೋಡಿ ಗಾಬರಿಯಾಗಿ ಮಗಳಿಗೆ ಫೋನ್ ಹಚ್ಚಿ ಸ್ಪೀಕರ್ ಹಾಕಿದಳು.

"ಸುಮಾ, ನಿಮ್ಮಪ್ಪ ಕಂಬದ ಕೂಡ ಜಗಳಾಡಾಕತ್ತಾರವ್ವಾ!"

"ಏನ್ ತಿಂದಾರ?"

"ಬದನಿಕಾಯಿ. ನನ್ನ ಉಮ್ಮತ್ತಿಗೆ ಕಸಿ ಕಟ್ಯಾರಲ್ಲ, ಅದರದು."

"ಅಯ್ಯೋ ಯವ್ವಾ! ಯಾರೂ ಮುಟ್ಟಬ್ಯಾಡ್ರಿ! ಆ ಜೀನ್ ಕೆಲಸ ಮಾಡೋದ ಬೇರಿನ್ಯಾಗ. ವಿಷ ಅಲ್ಲಿ ತಯಾರಾಗಿ ಮ್ಯಾಲ ಕಾಯಿಗೆ ಏರತದ! ಲಗೂನ ದವಾಖಾನಿಗೆ ಹೋಗ್ರಿ!"

ಎಲ್ಲ ನನ್ನ ಚೇಷ್ಟೆಯೆಂದು ನಗುತ್ತ ಕುಳಿತಿದ್ದ ಶರಣಪ್ಪನ ಮೊದಲ ತುತ್ತು ತುಟಿಯ ಹತ್ತಿರ ಬಂದಿತ್ತು. ನೀಲಮ್ಮ ಹಾರಿ ಅವನ ಕೈಗೆ ಹೊಡೆದಳು. ಎಣಗಾಯಿ ಗೋಡೆಗೆ ಹೋಗಿ ಬಡಿಯಿತು.

ಆ ಮಂಪರಿನಲ್ಲೂ ಮಗಳ ಮಾತು ನನಗೆ ನಾಟಿತು. ಜೀನು ಮೇಲೆ ಹತ್ತಿರಲಿಲ್ಲ. ಅದು ಬೇರಿನಲ್ಲಿ ಮಾಡಿದ ಅಡುಗೆ ಹತ್ತಿತ್ತು! ಕ್ಷಣ ತಡವಾಗಿದ್ದರೆ ಬರೀ ಹಠಕ್ಕಾಗಿ ಹೆಂಡತಿಯ ತಮ್ಮನನ್ನು ಕರೆದು ವಿಷ ಉಣಿಸಿರುತ್ತಿದ್ದೆ. ಆ ಶರಣಪ್ಪನೇ ನನ್ನನ್ನು ಎತ್ತಿ ಆಟೋಕ್ಕೆ ಹಾಕಿದ. "ಮಾವ, ನಿಮ್ಮ ಬದನಿ ಭಾಳ ಚಲೋ ಅದಾವ್ರಿ, ಕಣ್ಣ ಮುಚ್ಚಬ್ಯಾಡ್ರಿ" ಎಂದು ದಾರಿಯುದ್ದಕ್ಕೂ ಅಳುತ್ತಿದ್ದನಂತೆ.

ಮರುದಿನ ತಲೆ ತಿಳಿಯಾಗಿ ಎಚ್ಚರಾದಾಗ ಮಂಚದ ಸುತ್ತ ನರ್ಸಿಂಗ್ ವಿದ್ಯಾರ್ಥಿನಿಯರು ನಿಂತಿದ್ದರು. ಡಾಕ್ಟರು ನನ್ನ ರೆಪ್ಪೆ ಎತ್ತಿ ಬ್ಯಾಟರಿ ಬಿಟ್ಟು, "ಕಣ್ಣ ಪಾಪಿ ಹೆಂಗ ಹಿಗ್ಗ್ಯಾದ ನೋಡ್ರಿ. ಬಾಯಿ ಒಣಗಿದ್ದು, ಭ್ರಮೆ ಆಗಿದ್ದು, ಎಲ್ಲಾ ಬರಕೋರಿ" ಎಂದರು. ಯಾರೂ ಆಕಳಿಸಲಿಲ್ಲ. ಯಾರೂ ಕಿಟಕಿಯ ಹೊರಗೆ ನೋಡಲಿಲ್ಲ. ಅವರಲ್ಲೊಬ್ಬಳು ನನ್ನ ಹಳೆಯ ವಿದ್ಯಾರ್ಥಿನಿ. ಅವಳು ಬಗ್ಗಿ ಮೆಲ್ಲಗೆ, "ಸರ್, ಇವತ್ತ ಪೂರಾ ತಿಳೀತ್ರಿ" ಎಂದಳು.

ಇಷ್ಟು ವರ್ಷದ ನೌಕರಿಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು. ಆದರೇನು, ಆ ಪಾಠಕ್ಕೆ ನಾನು ಮಾಸ್ತರನಾಗಿರಲಿಲ್ಲ. ಪಾಠೋಪಕರಣವಾಗಿದ್ದೆ!