ನನ್ನ ಕೆನ್ನೆಯೂ ಹನುಮಂತಪ್ಪನ ಕೈಯೂ

ನನಗೆ ನನ್ನ ವಿದ್ಯೆಯ ಮೇಲೆ ಅಪಾರ ನಂಬಿಕೆ. ಇದನ್ನು ಜಂಬ ಎನ್ನುವವರಲ್ಲಿ ನನ್ನ ಹೆಂಡತಿಯೇ ಮೊದಲಿಗಳು. ಅರವತ್ತರ ದಶಕದಲ್ಲಿ ಬೊಂಬಾಯಿಗೆ ಹೋಗಿ ಆಕ್ಯುಪೇಷನಲ್ ಥೆರಪಿ ಎಂಬುದನ್ನು ಕಲಿತು ಮಧುಗಿರಿಗೆ ಬಂದವನು ನಾನು. ಲಕ್ವ ಹೊಡೆದು ಕೈ ಸ್ವಾಧೀನ ತಪ್ಪಿದವರ ಮನೆಗೇ ಹೋಗಿ, ಅವರವರ ಕೆಲಸಕ್ಕೆ ಆ ಕೈಯನ್ನು ಮತ್ತೆ ಪಳಗಿಸುವುದು ನನ್ನ ಉದ್ಯೋಗ. ಇಷ್ಟು ವಿವರಿಸುವುದರೊಳಗೆ ಮನೆಯವರು ಕಾಫಿ ಕೊಟ್ಟು ಸಾಗಹಾಕಲು ಸಿದ್ಧರಾಗಿರುತ್ತಿದ್ದರು. ಪಾವಗಡದ ಕಡೆಯ ಅಜ್ಜನೊಬ್ಬ ನನ್ನ ಭಾಷಣವನ್ನೆಲ್ಲ ಕೈಮುಗಿದುಕೊಂಡು ಕೇಳಿ, ಕೊನೆಗೆ ಮೊಮ್ಮಗಳ ಕಡೆ ತಿರುಗಿ, "ಮಂದು ಎಪ್ಪುಡಿಸ್ತಾರಮ್ಮಾ?" ಎಂದ. ಔಷಧಿ ಯಾವಾಗ ಕೊಡುತ್ತಾರೆಂಬುದು ಅವನ ಚಿಂತೆ. ಸೂಜಿಯಿಲ್ಲ, ಸೀಸೆಯಿಲ್ಲ, ಇವನೆಂಥ ಡಾಕ್ಟರು ಎಂದು ನಾಲ್ಕು ತಾಲ್ಲೂಕಿನವರೂ ಮಾತಾಡಿಕೊಂಡರು. ನಾನು ಜಗ್ಗಲಿಲ್ಲ.

ದೊಡ್ಡೇರಿಯ ಹತ್ತಿರದ ಒಂದು ಹಳ್ಳಿಗೆ ಹನುಮಂತಪ್ಪ ಒಬ್ಬನೇ ಕ್ಷೌರಿಕ. ಬಲಗೈಗೆ ಲಕ್ವ ಹೊಡೆದದ್ದೇ ಅವನ ಕತ್ತಿ ಪೆಟ್ಟಿಗೆ ಸೇರಿತು, ಗಿರಾಕಿಗಳು ಮಧುಗಿರಿಯ ಬಸ್ಸು ಹತ್ತಿದರು. ಸುಗ್ಗಿಯಲ್ಲಿ ಮನೆಮನೆಯಿಂದ ಬರುವ ಆಯದ ರಾಗಿಯೇ ಅವನ ವರ್ಷದ ಅನ್ನ. ಅಷ್ಟರೊಳಗೆ ಕೈ ಸರಿಹೋಗದಿದ್ದರೆ ಪಕ್ಕದೂರಿನವನನ್ನು ಕರೆಸುವುದಾಗಿ ಗೌಡರು ಹೇಳಿಬಿಟ್ಟಿದ್ದರು. "ಕೈ ಬತ್ತದಾ ಸ್ವಾಮಿ? ಇಲ್ಲಾಂದ್ರೆ ಈಗ್ಲೇ ಹೇಳ್ಬುಡಿ, ದನ ಕಾಯಾಕೆ ಹೋಯ್ತೀನಿ" ಎಂದ ಹನುಮಂತಪ್ಪ. ಬಂದೇ ಬರುತ್ತದೆ ಎಂದೆ. ಹಳೆಯ ಪಂಚೆ ಸುತ್ತಿ ಬಟ್ಟೆಯ ಉಂಡೆ ಮಾಡಿಕೊಟ್ಟು, ದಿನಕ್ಕೆ ಇನ್ನೂರು ಸಲ ಹಿಂಡು ಎಂದು ವಿಧಿಸಿದೆ. ಹೆಂಡತಿ ಲಕ್ಷ್ಮಕ್ಕ ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಟೆಳೆದು ಲೆಕ್ಕವಿಟ್ಟಳು. ಬುಧವಾರ ಬುಧವಾರ ನಾನು ಹೋದಾಗ ಗೋಡೆಯಲ್ಲಿ ಗೀಟುಗಳು ಹೆಚ್ಚಿರುತ್ತಿದ್ದವು, ಕೈಗೂ ಅಷ್ಟಿಷ್ಟು ಹಿಡಿತ ಬಂದಿರುತ್ತಿತ್ತು. ಆ ಗೋಡೆಯ ಮುಂದೆ ನಿಂತು ನಾನು ಮನಸ್ಸಿನಲ್ಲೇ ನನ್ನ ಬೆನ್ನು ತಟ್ಟಿಕೊಳ್ಳುತ್ತಿದ್ದೆ.

ಸುಗ್ಗಿಗೆ ಎರಡು ತಿಂಗಳಿರುವಾಗ, ಹನುಮಂತಪ್ಪ ಮತ್ತೆ ಕತ್ತಿ ಹಿಡಿಯುತ್ತಾನೆಂದು ನಾನೇ ಊರಿಗೆಲ್ಲ ಸಾರಿದೆ. ಅವನ ಜಗಲಿಯ ಮುಂದೆ ಜನ ಸೇರಿದರು, ಆದರೆ ಒಬ್ಬರೂ ಕೂರಲಿಲ್ಲ. ಗೌಡರು ತಮ್ಮ ಗಡ್ಡ ಸವರಿಕೊಂಡು, "ಮೊದ್ಲು ಡಾಕ್ಟ್ರು ಕೂತ್ಕಳ್ಳಿ, ಆಮ್ಯಾಕೆ ನಾವು" ಎಂದರು. ಧೈರ್ಯವಾಗಿ ಕೂತೆ. ಸೋಪಿನ ನೊರೆಯಾಯಿತು, ಕತ್ತಿ ಗಂಟಲಿನ ಹತ್ತಿರ ಬಂತು. ಅವನಿಗೆ ಹುರುಪು ಬರಲೆಂದು, "ದಿನಾ ಇನ್ನೂರು ಸಲ ಹಿಂಡಿದ್ದು ಸಾರ್ಥಕವಾಯಿತಪ್ಪ" ಎಂದೆ.

"ನಾನೆಲ್ಲಿ ಹಿಂಡ್ದೆ ಸ್ವಾಮಿ? ನಂಗೆ ಕೈ ನೋಯ್ತಿತ್ತು. ನಮ್ಮೋಳು ಹಿಂಡಿದ್ಲು. ನನ್ ಹೆಸ್ರಲ್ಲಿ ಸಿದ್ದರಬೆಟ್ಟ ಹತ್ತಿದ್ದೂ ಅವಳೇ, ಉಂಡೆ ಹಿಂಡಿದ್ದೂ ಅವಳೇ."

ತಪ್ಪು ಅವಳದೆನ್ನಲಾರೆ. ಗಂಡನಿಗೆ ಕಾಯಿಲೆಯಾದರೆ ಹೆಂಡತಿ ಹರಕೆ ತೀರಿಸುವುದು ನಮ್ಮ ಕಡೆ ಇದ್ದದ್ದೇ. ನಾನು ಪರೀಕ್ಷೆ ಬರೆದಾಗಲೆಲ್ಲ ನನ್ನ ತಾಯಿ ಶನಿವಾರ ಒಪ್ಪತ್ತು ಮಾಡುತ್ತಿದ್ದಳು, ನಾನು ಪಾಸಾಗುತ್ತಿದ್ದೆ. ಆದರೆ ಒಬ್ಬರು ಹಿಂಡಿದರೆ ಇನ್ನೊಬ್ಬರ ಕೈಗೆ ಬಲ ಬರುತ್ತದೆಂದು ಬೊಂಬಾಯಿಯಲ್ಲಿ ಯಾರೂ ಕಲಿಸಿರಲಿಲ್ಲ. ಎದ್ದು ಓಡಬೇಕೆನ್ನಿಸಿತು. ನಾನು ಎದ್ದರೆ ಆ ಜಗಲಿಯ ಮೇಲೆ ಇನ್ಯಾರೂ ಕೂರುವುದಿಲ್ಲವೆಂಬುದೂ ಗೊತ್ತಿತ್ತು. ಬಾಗಿಲಲ್ಲಿ ಲಕ್ಷ್ಮಕ್ಕ ಸೆರಗು ಕಚ್ಚಿಕೊಂಡು ನಿಂತಿದ್ದಳು. ಕಣ್ಣು ಮುಚ್ಚಿ ಕೂತೇ ಇದ್ದೆ.

ಎರಡು ಕಡೆ ಗಾಯವಾಯಿತು. "ತಪ್ಪು ನನ್ನದು, ನಾನೇ ಅಲುಗಾಡಿದೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಯಾರೂ ಅನುಮಾನಪಡಲಿಲ್ಲ. ಗೌಡರು ಮಾತ್ರ, "ಇನ್ನೊಂದೆರಡು ಕಿತ ನೋಡಾನ" ಎಂದು ಎದ್ದುಹೋದರು. ಉಂಡೆಯನ್ನು ಮೂಲೆಗೆ ಎಸೆದು, ಪ್ರತಿ ಬುಧವಾರ ನಾನೇ ಅವನ ಮುಂದೆ ಕೂತೆ. ನಾನು ಕಲಿತ ವಿದ್ಯೆಯೂ ಅದೇ ತಾನೆ, ಕಸುಬಿನಿಂದಲೇ ಕೈಗೆ ಚಿಕಿತ್ಸೆ. ವಾರವಾರಕ್ಕೂ ಗಾಯ ಕಡಿಮೆಯಾಗುತ್ತ, ರಾಗಿ ಕಣಕ್ಕೆ ಬರುವ ಹೊತ್ತಿಗೆ ಒಂದು ಗೀರೂ ಬೀಳದಂತಾಯಿತು. ಗೌಡರು ಬಂದು ಕೂತರು, ಆಯ ಹನುಮಂತಪ್ಪನಿಗೇ ಉಳಿಯಿತು.

ನನ್ನ ವಿದ್ಯೆ ಗೆದ್ದಿತೆಂದು ಬೀಗುತ್ತ ಮುಂದಿನ ಬುಧವಾರ ಹೋದೆ. ಜಗಲಿಯ ಮೇಲೆ ಗೌಡರ ಗಡ್ಡ ಹೆರೆಯುತ್ತ ಹನುಮಂತಪ್ಪ ಹೇಳುತ್ತಿದ್ದ: "ಮೊದಮೊದ್ಲು ಕತ್ತಿ ಕಂಡ್ರೆ ಹೆಂಗೆ ನಡುಗೋರು ಅಂತೀರಾ ನಮ್ ಡಾಕ್ಟ್ರು. ಪಾಪ, ವಾರ ವಾರ ಕೂರಿಸ್ಕಂಡು ನಾನೇ ಅಭ್ಯಾಸ ಮಾಡಿಸ್ದೆ. ಈಗ ಪರವಾಗಿಲ್ಲ ಗೌಡ್ರೆ, ಬೋ ಸುಧಾರಿಸ್ಕಂಡವ್ರೆ."