ಹಲಬರ್ಗಾದಲ್ಲಿ ನಾನು ಮಾಡಿದ ಜಮಾ

ಹಣದ ವಿಷಯದಲ್ಲಿ ಲೋಕಕ್ಕೆ ಬುದ್ಧಿ ಹೇಳಲು ನನ್ನಷ್ಟು ಯೋಗ್ಯ ಮನುಷ್ಯ ನಿಜಾಮರ ರಾಜ್ಯದಲ್ಲೇ ಇಲ್ಲವೆಂದು ಆಗ ನಾನು ನಂಬಿದ್ದೆ. ನಾನು ಔರಾದಿನ ಶಾಲೆಯಲ್ಲಿ ಮಾಸ್ತರ. ಊರವರೇ ದುಡ್ಡು ಕೂಡಿಟ್ಟು ಊರವರಿಗೇ ಸಾಲ ಕೊಡುವ ಉಳಿತಾಯ ಸಂಘಗಳು ಹಳ್ಳಿಹಳ್ಳಿಯಲ್ಲಿ ಹುಟ್ಟಬೇಕೆಂದು ಸರ್ಕಾರಕ್ಕೆ ಹುಕಿ ಬಂದಿತ್ತು. ಹಲಬರ್ಗಾದಲ್ಲಿ ಒಂದು ಸಂಘ ಕಟ್ಟಿಸಿದರೆ ಬೀದರಿಗೆ ವರ್ಗ ಮಾಡಿಸುವೆನೆಂದು ಜಿಲ್ಲೆಯ ಸಾಹೇಬರು ನನಗೆ ಮಾತು ಕೊಟ್ಟಿದ್ದರು. ಬೀದರಿನಲ್ಲಿ ನನ್ನ ಹೆಂಡತಿ ನೀಲಮ್ಮನ ಅಕ್ಕ ಇದ್ದಳು. ಸುದ್ದಿ ಕೇಳಿದ ದಿನವೇ ನೀಲಮ್ಮ, ಬೀದರಿಗೆ ಈ ಭಾರ ಯಾಕೆಂದು, ನಮ್ಮ ಬೀಸುವ ಕಲ್ಲನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟಳು.

ಹಲಬರ್ಗಾದ ಸಭೆಗೆ ಬರೆದ ಭಾಷಣವನ್ನು ಮೊದಲು ಅವಳ ಮುಂದೆಯೇ ಮಾಡಿದೆ. ಅವಳು ರೊಟ್ಟಿ ಬಡಿಯುತ್ತಾ ಕೇಳಿದಳು.

"ಎಲ್ಲಾ ಛಲೋ ಅದರಿ. ಆ ಜಮಾ ಜಮಾ ಅಂಬೋದು ಬಿಟ್ಟು ಬ್ಯಾರೆ ಮಾತು ಹೇಳ್ರಿ."

"ಯಾಕ? ರೊಕ್ಕ ಕೂಡಿಡೋದಕ್ಕ ಸರ್ಕಾರದಾಗ ಜಮಾ ಅಂತಾರ."

"ಸರ್ಕಾರದಾಗ ಅಂತಾರರಿ. ಹಳ್ಳ್ಯಾಗ ಏನಂತಾರೋ ಯಾರಿಗಿ ಗೊತ್ತು."

ರೊಟ್ಟಿ ಬಡಿಯುವವರಿಂದ ಅರ್ಥಶಾಸ್ತ್ರ ಕಲಿಯುವ ಗತಿ ನನಗೆ ಬಂದಿರಲಿಲ್ಲ. ಸಭೆಯ ಹಿಂದಿನ ದಿನವೇ ಹಲಬರ್ಗಾಕ್ಕೆ ಹೋಗಿ, ಡಂಗುರ ಸಾರುವ ಸಾಯಬಣ್ಣನಿಗೆ ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಸಿದೆ. ಅವನು ಸಂಜೆ ಊರೆಲ್ಲ ಸಾರಿದ: "ನಾಳಿ ಚಾವಡಿ ಮುಂದ ಜಮಾ ಅದರಪ್ಪೋ! ಬೀದರದಿಂದ ಸಾಹೇಬ್ರು ಬರ್ತಾರರಪ್ಪೋ!"

ಬೆಳಿಗ್ಗೆ ಚಾವಡಿಯ ಮುಂದೆ ಒಂದು ನಾಯಿ ಮಲಗಿತ್ತು. ಬೇರೆ ಯಾರೂ ಇರಲಿಲ್ಲ. ಮನೆಗಳಿಗೆ ಬೀಗ, ಕೊಟ್ಟಿಗೆಯಲ್ಲಿ ಎಮ್ಮೆಗಳಿಲ್ಲ. ಊರಿಗೆ ಪ್ಲೇಗು ಬಂದಿದೆಯೆಂದು ಹೆದರಿ ಪಾಟೀಲರ ಮನೆಗೆ ಓಡಿದೆ.

"ಮಾಸ್ತರ್, ಜಮಾ ಅಂದ್ರ ನಮ್ಮ ಮಂದಿಗಿ ಜಮಾಬಂದಿನೇರಿ," ಎಂದರು ಪಾಟೀಲರು. "ಕಂದಾಯ ವಸೂಲಿಗಿ ಸಾಹೇಬ್ರು ಬರ್ತಾರ, ಬಾಕಿ ಇದ್ದವರ ಎಮ್ಮಿ ಜಪ್ತಿ ಆಗ್ತಾವ ಅಂತ ಎಲ್ಲಾರೂ ಎಮ್ಮಿ ಹೊಡಕೊಂಡು ಹೊಲಕ್ಕ ಹೋಗ್ಯಾರ."

ಸಾಹೇಬರು ಮಧ್ಯಾಹ್ನಕ್ಕೆ ಬರುವವರಿದ್ದರು. ಬೀದರಿನ ವರ್ಗ, ನೀಲಮ್ಮನ ಅಕ್ಕ, ಪಕ್ಕದ ಮನೆ ಸೇರಿದ ಬೀಸುವ ಕಲ್ಲು, ಎಲ್ಲವೂ ಕಣ್ಣ ಮುಂದೆ ಬಂದವು. ಆದರೂ ವಿದ್ಯಾವಂತ ಧೈರ್ಯಗೆಡಬಾರದು! ಸಾಯಬಣ್ಣನನ್ನು ಹಿಡಿದು ಜಮಾ ಎಂಬ ಶಬ್ದಕ್ಕೆ ಶಾಶ್ವತ ನಿಷೇಧ ಹೇರಿ ಹೊಸ ಪಾಠ ಕೊಟ್ಟೆ: "ಸಾಹೇಬ್ರು ಬಂದು ರೊಕ್ಕದ ತಿಳುವಳಿಕಿ ಕೊಡ್ತಾರ."

ಅವನು ಹೊಲಗಳ ಕಡೆ ಹೊರಟ. ಬಿಸಿಲಿತ್ತು, ದಾರಿ ಉದ್ದವಿತ್ತು, ತಿಳುವಳಿಕೆ ಭಾರವಾದ ಶಬ್ದ. ಎರಡನೇ ಹೊಲ ದಾಟುವಷ್ಟರಲ್ಲಿ ಅವನು ಅದನ್ನು ಇಳಿಸಿಬಿಟ್ಟ. "ಸಾಹೇಬ್ರು ಬಂದು ರೊಕ್ಕ ಕೊಡ್ತಾರರಪ್ಪೋ!"

ಮಧ್ಯಾಹ್ನ ಸಾಹೇಬರ ಟಾಂಗಾ ಬಂದಾಗ ಚಾವಡಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಸುತ್ತಲಿನ ಊರವರೂ ಬಂದಿದ್ದರು. ಕೆಲವರ ಕೈಯಲ್ಲಿ ಚೀಲಗಳಿದ್ದವು. ಅವು ಉಳಿತಾಯದ ಹಣ ತಂದ ಚೀಲಗಳೆಂದು ತಿಳಿದು ನಾನು ಮನಸ್ಸಿನಲ್ಲೇ ಎಣಿಸತೊಡಗಿದೆ. ಸಾಹೇಬರು ನನ್ನ ಬೆನ್ನು ತಟ್ಟಿ, ಮುಂದೆ ಕೂತ ಮುದುಕಿಯನ್ನು ಪ್ರೀತಿಯಿಂದ ಕೇಳಿದರು: "ಅಮ್ಮಾ, ನೀ ಎಷ್ಟು ಇಡ್ತಿ?"

"ನೀವು ಎಷ್ಟು ಕೊಡ್ತೀರಿ, ಅದರ ಮ್ಯಾಲ ಅದರಿ," ಎಂದಳು ಮುದುಕಿ.

ಆಮೇಲೆ ನಾನು ಭಾಷಣ ಮಾಡಿದೆ. ಯಾರೂ ಕೇಳಲಿಲ್ಲ. ಯಾರೂ ಎದ್ದೂ ಹೋಗಲಿಲ್ಲ, ಅದು ಇನ್ನೂ ಕಷ್ಟವಾಯಿತು. ಕೊನೆಗೆ ಪಾಟೀಲರು ನನ್ನ ಕಿವಿಯಲ್ಲಿ, "ಕೆಲಸ ಬಿಟ್ಟು ಬಂದಾರರಿ. ಬರಿಗೈಲೆ ಕಳಿಸಿದ್ರ ನಮ್ಮೂರ ಮರ್ಯಾದಿ ಏನರಿ?" ಎಂದರು. ನಾನು ಸಾಹುಕಾರರ ಅಂಗಡಿಯಿಂದ ಪುಠಾಣಿ, ಬೆಲ್ಲ ತರಿಸಿ ಎಲ್ಲರಿಗೂ ಹಂಚಿದೆ. ತರಿಸಿದ್ದು ಉದ್ರಿಯಲ್ಲಿ, ಆಮೇಲೆ ಕೊಡುವೆನೆಂದು. ಅಂಗಡಿಯಲ್ಲಿ ಉದ್ರಿ ಮಾಡುವವನು ಮನೆಗೆ ಬೆಂಕಿ ಇಟ್ಟಂತೆ ಎಂದು ಭಾಷಣದಲ್ಲಿ ಹೇಳಿ ಗಂಟಲಿನ್ನೂ ಆರಿರಲಿಲ್ಲ. ಸಾಹೇಬರೂ ಒಂದು ಚೂರು ಬೆಲ್ಲ ಬಾಯಿಗೆ ಹಾಕಿಕೊಂಡರು.

"ಮಾಸ್ತರ್, ಮಂದಿ ಜಮಾ ಮಾಡ್ಲಾಕ ನಿಮಗ ಛಲೋ ಬರ್ತದ. ರೊಕ್ಕ ಜಮಾ ಮಾಡ್ಲಾಕ ಬ್ಯಾರೆಯವರಿಗಿ ಕಳಸ್ತೇನಿ. ನೀವು ಔರಾದದಾಗೇ ಇರ್ರಿ."

ಮನೆಗೆ ಬಂದು ಎಲ್ಲವನ್ನೂ ನೀಲಮ್ಮನಿಗೆ ಹೇಳಿದೆ. ಅವಳು ಬಯ್ಯಲಿಲ್ಲ. ಪಕ್ಕದ ಮನೆಗೆ ಹೋಗಿ, ಮುಖ ಸಣ್ಣದು ಮಾಡಿಕೊಂಡು, ಬೀಸುವ ಕಲ್ಲನ್ನು ಕೇಳಿ ತಂದಳು. ಅದನ್ನು ನೋಡಿ ನನಗೆ ನಿಜಕ್ಕೂ ನಾಚಿಕೆಯಾಯಿತು. ಸಾಹುಕಾರರ ಉದ್ರಿ ತೀರಿಸಲು, ತಾನು ಹಪ್ಪಳ ಮಾರಿ ಕೂಡಿಟ್ಟಿದ್ದ ರೊಕ್ಕವನ್ನೂ ಅವಳೇ ಕೊಟ್ಟಳು.

"ಬಡ್ಡಿ ಹಚ್ಚಿ ಕೊಡಬೇಕರಿ. ನಿಮ್ಮ ಭಾಷಣದಾಗೇ ಹೇಳಿದ್ರಲ್ಲ."

ಅಂದಿನಿಂದ ನನ್ನ ಪಗಾರದ ದಿನ ಅವಳು ತಲೆಬಾಗಿಲಲ್ಲಿ ಕೈಚಾಚಿ ನಿಂತು ಒಂದೇ ಮಾತು ಹೇಳುತ್ತಾಳೆ: "ಜಮಾ."

ಆ ಶಬ್ದ ಕಿವಿಗೆ ಬಿದ್ದ ಕೂಡಲೇ ನಾನು ಹಿತ್ತಲ ಬಾಗಿಲಿನಿಂದ ಹೊಲದ ಕಡೆ ಹೊರಡುತ್ತೇನೆ. ಹಲಬರ್ಗಾದವರಂತೆ ಹೊಡೆದುಕೊಂಡು ಹೋಗಲು ನನ್ನ ಹತ್ತಿರ ಎಮ್ಮೆ ಇಲ್ಲ, ಅಷ್ಟೇ.